ಠಾಣೆಯ ಮೆಟ್ಟಿಲೇರಿದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ

ಚಿಕ್ಕಬಳ್ಳಾಪುರ ಜಿಲ್ಲೆಯ ಪೆರೇಸಂದ್ರ ಕ್ರಾಸಿನಲ್ಲಿ ಹೈದರಾಬಾದ್ ಹೆದ್ದಾರಿ ಬಿಟ್ಟು ಗುಡಿಬಂಡೆ ರಸ್ತೆಗೆ ಇಳಿದರೆ ಸಿಗುವ ಯಾವುದಾದರೂ ಒಂದು ಊರು ಎಂದಿಟ್ಟುಕೊಳ್ಳಿ. ಅಣ್ಣತಮ್ಮಂದಿರ ಜಮೀನು, ನಡುವೆ ಒಂದು ಬದು, ಬದುವಿನ ಮೇಲೊಂದು ಹುಣಸೆ ಮರ. ಮರ ಯಾರ ಪಾಲಿನದು ಎಂಬ ಮಾತಿಗೆ ಮಾತು ಬೆಳೆದು, ಕೈ ಕೈ ಮಿಲಾಯಿಸಿ, ಒಬ್ಬನ ಭುಜಕ್ಕೆ ಗುದ್ದಲಿಯ ಏಟು ಬಿತ್ತು. ದೊಡ್ಡ ಗಾಯವೇನಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆಯವರು ಠಾಣೆಯ ಜಗಲಿಯ ಮೇಲಿದ್ದಾರೆ. ಮನೆಯಲ್ಲಿ ತೆಲುಗು ಆಡುವವರು ತೆಲುಗಿನಲ್ಲೇ ಹೇಳಿಕೊಳ್ಳುತ್ತಾರೆ. ರೈಟರ್ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ.

ಇಲ್ಲಿಂದ ಮುಂದೆ ಏನು ಬೇಕಾದರೂ ಆಗಬಹುದು. ಊರಿನ ನಾಲ್ಕು ಜನ ಹಿರಿಯರು ಬಂದು, ಪಿಎಸ್‌ಐ ಇಬ್ಬರಿಗೂ ಗದರಿ, ‘ಇನ್ನು ಮುಂದೆ ಜಗಳ ಆಡುವುದಿಲ್ಲ’ ಎಂದು ಮುಚ್ಚಳಿಕೆ ಬರೆಸಿಕೊಂಡು ಕಳಿಸಬಹುದು. ಒಬ್ಬನ ದೂರಿನ ಮೇಲೆ ಎಫ್‌ಐಆರ್ ಆಗಬಹುದು. ಅವನು ಕೇಸು ಹಾಕಿಸಿದ ಎಂದು ಇವನೂ ಆಸ್ಪತ್ರೆಯ ಚೀಟಿ ಹಿಡಿದು ಬಂದು ಕೌಂಟರ್ ಕೇಸು ಹಾಕಿಸಬಹುದು. ದೂರಿನಲ್ಲಿ ‘ಕೈಯಿಂದ ಹೊಡೆದ’ ಎಂದು ಬರೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 115ನೇ ಕಲಂ, ಅಸಂಜ್ಞೇಯ ಅಪರಾಧ; ಎನ್‌ಸಿಆರ್ ಪುಸ್ತಕದಲ್ಲಿ ಒಂದು ನಮೂದು, ಅಷ್ಟೆ. ‘ಗುದ್ದಲಿಯಿಂದ ಹೊಡೆದ’ ಎಂದು ಬರೆದರೆ 118ನೇ ಕಲಂ. ಅದು ಸಂಜ್ಞೇಯ, ಎಫ್‌ಐಆರ್ ಆಗಲೇಬೇಕು. ಜಗಳ ಒಂದೇ, ಏಟು ಒಂದೇ, ಹುಣಸೆ ಮರವೂ ಒಂದೇ. ಸರ್ಕಾರದ ಅಂಕಿಅಂಶದಲ್ಲಿ ಮಾತ್ರ ಅದು ಸೊನ್ನೆ ಅಪರಾಧವಾಗಬಹುದು, ಒಂದಾಗಬಹುದು, ಎರಡೂ ಆಗಬಹುದು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ವರದಿ ಬಂದ ಮಾರನೆಯ ದಿನ ಪತ್ರಿಕೆಗಳಲ್ಲಿ ‘ರಾಜ್ಯದಲ್ಲಿ ಅಪರಾಧ ಏರಿಕೆ’ ಎಂಬ ಸಾಲು ಕಂಡಾಗಲೆಲ್ಲ ನನಗೆ ಈ ಬದು ನೆನಪಾಗುತ್ತದೆ. ನಾವು ಅಪರಾಧದ ಲೆಕ್ಕ ಎಂದು ಓದುವುದು ನಿಜವಾಗಿ ಬರವಣಿಗೆಯ ಲೆಕ್ಕ. ಏನು ನಡೆಯಿತು ಎಂಬುದಕ್ಕಿಂತ, ನಡೆದದ್ದರಲ್ಲಿ ಏನನ್ನು ಯಾವ ಕಲಮಿನಡಿ ಬರೆದರು ಎಂಬುದು ಅದರಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಮುಚ್ಚಳಿಕೆಗೆ ಕಾಲಂ ಇಲ್ಲ

ಠಾಣೆಯಲ್ಲಿ ಒಂದು ದಿನ ಕೂತು ನೋಡಿದವರಿಗೆ ಗೊತ್ತು: ಬರುವವರಲ್ಲಿ ಹೆಚ್ಚಿನವರು ಎಫ್‌ಐಆರ್‌ವರೆಗೆ ಹೋಗುವುದಿಲ್ಲ. ಗಂಡ ಕುಡಿದು ಬರುತ್ತಾನೆ, ಒಂದು ಸಲ ಕರೆಸಿ ಬುದ್ಧಿ ಹೇಳಿ ಸಾಮಿ. ಕೈಸಾಲ ವಾಪಸು ಕೊಡುತ್ತಿಲ್ಲ. ಪಕ್ಕದ ತೋಟದವನು ದಾರಿ ಬಿಡುತ್ತಿಲ್ಲ. ಇವೆಲ್ಲ ‘ಅರ್ಜಿ ವಿಚಾರಣೆ’ ಎಂಬ ಹೆಸರಿನಲ್ಲಿ ಬಂದು, ಕರೆಸಿ, ಕೂಡಿಸಿ, ಬೈದು, ಬರೆಸಿಕೊಂಡು ಮುಗಿಯುತ್ತವೆ. ಸಾಮಾನ್ಯ ಜನ ಪೊಲೀಸರಿಂದ ಬಯಸುವುದೂ ಬಹುಪಾಲು ಇದನ್ನೇ; ಕೋರ್ಟಿಗೆ ಅಲೆಯುವ ಆಸೆ ಯಾರಿಗೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ‘ಕ್ರೈಮ್ ಇನ್ ಇಂಡಿಯಾ’ ವರದಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೆ ಸರ್ಕಾರಿ ರೂಪವಿದೆ. ತಪ್ಪು ಒಪ್ಪಿಕೊಂಡವನನ್ನು ಕೋರ್ಟಿಗೆ ಕಳಿಸದೆ ಪೊಲೀಸರೇ ‘ಕಾಷನ್’ ಎಂಬ ಔಪಚಾರಿಕ ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಅದು ರಾಷ್ಟ್ರೀಯ ಪೊಲೀಸ್ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ನ್ಯಾಯ ಸಚಿವಾಲಯ ಅದರ ಅಂಕಿಯನ್ನು ನಿಯಮಿತವಾಗಿ ಪ್ರಕಟಿಸುತ್ತದೆ. ಎಣಿಸಿದ ಮಾತ್ರಕ್ಕೆ ನಿಜ ಸಿಕ್ಕಿಬಿಡುತ್ತದೆ ಎಂದೇನೂ ಇಲ್ಲ. ಇಂತಿಷ್ಟು ಪ್ರಕರಣಗಳನ್ನು ‘ನ್ಯಾಯದ ಕಟಕಟೆಗೆ ತರಬೇಕು’ ಎಂಬ ಗುರಿಯನ್ನು ಅಲ್ಲಿನ ಸರ್ಕಾರ ಕೊಟ್ಟಿದ್ದ ಕಾಲದಲ್ಲಿ ಈ ಎಚ್ಚರಿಕೆಗಳ ಸಂಖ್ಯೆ ಏರುತ್ತಾ ಹೋಗಿ 2007ರಲ್ಲಿ 3.6 ಲಕ್ಷದ ಆಸುಪಾಸಿಗೆ ಮುಟ್ಟಿತು. ಎಚ್ಚರಿಕೆ ಕೊಟ್ಟರೂ ಗುರಿ ತಲುಪಿದಂತೆಯೇ ತಾನೇ! ಗುರಿ ತೆಗೆದ ಮೇಲೆ ಸಂಖ್ಯೆ ಸರಸರನೆ ಇಳಿಯಿತು. ಬ್ರಿಟಿಷರ ನಡತೆ ಎರಡೇ ವರ್ಷದಲ್ಲಿ ಸುಧಾರಿಸಿತು ಎಂದು ಯಾರೂ ತಿಳಿಯಲಿಲ್ಲ. 2014ರಲ್ಲಂತೂ ಅಲ್ಲಿನ ಪೊಲೀಸ್ ತಪಾಸಣಾ ಸಂಸ್ಥೆಯೇ ಠಾಣೆಗೆ ಬಂದ ದೂರುಗಳಲ್ಲಿ ಸುಮಾರು 19 ಶೇಕಡ ಅಪರಾಧವೆಂದು ದಾಖಲಾಗುತ್ತಲೇ ಇಲ್ಲ ಎಂದು ಹೇಳಿತು. ಪೊಲೀಸರು ದಾಖಲಿಸಿದ ಅಪರಾಧಗಳ ಅಂಕಿಗೆ ಇದ್ದ ‘ರಾಷ್ಟ್ರೀಯ ಅಂಕಿಅಂಶ’ ಎಂಬ ಮುದ್ರೆಯನ್ನು ಅದೇ ವರ್ಷದ ಆರಂಭದಲ್ಲಿ ಕಿತ್ತುಕೊಳ್ಳಲಾಗಿತ್ತು.

ನಮ್ಮಲ್ಲಿ ಕಾನೂನು ಒಪ್ಪುವ ಮುಚ್ಚಳಿಕೆಯೂ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 107 ಮತ್ತು 110ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126 ಮತ್ತು 129. ಶಾಂತಿ ಕದಡಬಹುದಾದವರ ಮೇಲೆ ಪೊಲೀಸರು ವರದಿ ಕೊಡುತ್ತಾರೆ. ತಾಲ್ಲೂಕು ದಂಡಾಧಿಕಾರಿಯಾದ ತಹಶೀಲ್ದಾರರ ಮುಂದೆ ಬಾಂಡ್ ಬರೆದುಕೊಡಬೇಕು. ಚುನಾವಣೆ ಬಂತೆಂದರೆ, ಗಣೇಶನ ಹಬ್ಬ ಬಂತೆಂದರೆ ಈ ಸಂಖ್ಯೆ ಉಬ್ಬುತ್ತದೆ. ಜತೆಗೆ ರೌಡಿ ಪಟ್ಟಿ. ಅದಕ್ಕೆ ಆಧಾರ ಪೊಲೀಸ್ ಕೈಪಿಡಿಯ 1059ನೇ ಆದೇಶ. ಹಬ್ಬದ ಮುಂಚೆ ಠಾಣೆಯಂಗಳದಲ್ಲಿ ಸಾಲಾಗಿ ನಿಲ್ಲಿಸಿ ‘ಬಾಲ ಬಿಚ್ಚಬೇಡಿ’ ಎನ್ನುವ ರೌಡಿ ಪರೇಡ್ ನಮ್ಮ ನಾಡಿನ ಕಾಷನ್. ಒಮ್ಮೆ ಪಟ್ಟಿಗೆ ಸೇರಿದ ಹೆಸರು ಮುಪ್ಪಾದರೂ ಕಳಚುವುದಿಲ್ಲ ಎಂಬ ದೂರು ಹಳೆಯದು. ಪಟ್ಟಿಗೆ ಸೇರಿಸುವ ಮುನ್ನ ಏನೇನು ಪಾಲಿಸಬೇಕೆಂದು ರಾಜ್ಯ ಹೈಕೋರ್ಟ್ 2022ರಲ್ಲಿ ಮಾರ್ಗಸೂಚಿಯನ್ನೇ ಕೊಡಬೇಕಾಯಿತು.

ಆದರೆ ಬದುವಿನ ಜಗಳದಲ್ಲಿ ರೈಟರ್ ಬರೆಸಿಕೊಂಡ ಬಿಳಿ ಹಾಳೆಯ ಮುಚ್ಚಳಿಕೆ ಇದಾವುದೂ ಅಲ್ಲ. ಕೋರ್ಟಿನಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ, ಊರಿನಲ್ಲಿ ಮಾತ್ರ ಬಹಳ ತೂಕ. 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು, ಕೌಟುಂಬಿಕ, ವಾಣಿಜ್ಯ ವ್ಯವಹಾರದಂಥ ಕೆಲವಕ್ಕೆ ಮಾತ್ರ ಮೊದಲು ವಿಚಾರಣೆ ನಡೆಸಬಹುದು ಎಂದಿತು. ಹೊಸ ಸಂಹಿತೆಯ 173ನೇ ಕಲಂ ಸ್ವಲ್ಪ ಸಡಿಲಿಸಿ, 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶ ಕೊಟ್ಟಿದೆ. ಆ 14 ದಿನದಲ್ಲಿ ಎಷ್ಟು ದೂರು ರಾಜಿಯಾದವು, ಎಷ್ಟು ದೂರುದಾರರು ಸುಸ್ತಾಗಿ ಮನೆಗೆ ಹೋದರು? ಅರ್ಜಿ ರಿಜಿಸ್ಟರನ್ನೂ ಎಫ್‌ಐಆರ್ ಜತೆಗೇ ತಿಂಗಳು ತಿಂಗಳು ಪ್ರಕಟಿಸಿದರೆ ಠಾಣೆಯ ಕೆಲಸದ ನಿಜವಾದ ಭಾರವೂ ಕಾಣುತ್ತದೆ, ದೂರು ನುಂಗುವ ಠಾಣೆ ಯಾವುದೆಂಬುದೂ ಕಾಣುತ್ತದೆ. ಎರಡನೆಯದರ ಭಯದಿಂದ ಮೊದಲನೆಯದನ್ನೂ ಇಲಾಖೆ ಕಳೆದುಕೊಳ್ಳುತ್ತಿದೆ ಎಂಬುದು ನನ್ನ ಅನುಮಾನ.

ಇನ್ನು ಪೊಲೀಸರ ಮುಖವನ್ನೇ ನೋಡದ ಮೋಸವೂ ಉಂಟು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಸುತ್ತ ನಡೆಯುವಂಥ ರೇಷ್ಮೆ ವ್ಯವಹಾರದಲ್ಲಿ ಕೊಟ್ಟ ಚೆಕ್ ಬೌನ್ಸ್ ಆದರೆ, ಅದು 138ನೇ ಕಲಮಿನ ಖಾಸಗಿ ದೂರಾಗಿ ನೇರ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಪೊಲೀಸ್ ಲೆಕ್ಕದಲ್ಲಿ ಅದರ ಸುಳಿವೇ ಇಲ್ಲ.

90 ಎಂಎಲ್ ಪ್ಯಾಕೆಟ್ಟಿನ ಅಪರಾಧ

ಲೆಕ್ಕ ಮೇಲೇರುವ ದಾರಿ ಸರಳ. ಠಾಣೆಯ ಮೊಕದ್ದಮೆ ಸಂಖ್ಯೆ ಜಿಲ್ಲೆಗೆ, ಜಿಲ್ಲೆಯದು ಬೆಂಗಳೂರಿನ ರಾಜ್ಯ ಅಪರಾಧ ದಾಖಲೆ ಬ್ಯೂರೊಗೆ, ಅಲ್ಲಿಂದ 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬ್ಯೂರೊಗೆ. 1953ರಿಂದ ಬರುತ್ತಿರುವ ವಾರ್ಷಿಕ ವರದಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಹೆಚ್ಚು ಶಿಕ್ಷೆಯ ಅಪರಾಧವನ್ನಷ್ಟೇ ಎಣಿಸಬೇಕು. ಅತ್ಯಾಚಾರ ಮಾಡಿ ಕೊಂದರೆ ಅದು ಕೊಲೆಯ ಸಾಲಿಗೆ ಸೇರುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ದಿನದ ಅಪರಾಧ ವರದಿಗಳನ್ನು ಸ್ವಲ್ಪ ದಿನ ಓದಿದರೆ ಒಂದು ವಾಕ್ಯ ಬಾಯಿಪಾಠವಾಗಿಬಿಡುತ್ತದೆ. ಗಸ್ತಿನಲ್ಲಿದ್ದಾಗ ಬಾತ್ಮೀದಾರರಿಂದ ಮಾಹಿತಿ ಬಂತು, ಪಂಚರನ್ನು ಕರೆದುಕೊಂಡು ಹೋಗಿ ನೋಡಲಾಗಿ ಚಿಲ್ಲರೆ ಅಂಗಡಿಯ ಮುಂದೆ ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನಕ್ಕೆ ಸ್ಥಳಾವಕಾಶ ಮಾಡಿಕೊಟ್ಟಿದ್ದರು, ಕುಡಿಯುತ್ತಿದ್ದವರು ಓಡಿಹೋದರು, 90 ಎಂಎಲ್‌ನ ಇಷ್ಟು ಟೆಟ್ರಾ ಪ್ಯಾಕೆಟ್, ಖಾಲಿ ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿ ಅಮಾನತ್ತು. ಅಬಕಾರಿ ಕಾಯ್ದೆಯ 15ಎ ಮತ್ತು 32(3). ಹೆಚ್ಚುಕಡಿಮೆ ಇದೇ ಅಚ್ಚಿನ ಇನ್ನೊಂದು, ಹೊಂಗೆ ಮರದ ಕೆಳಗೆ ಅಂದರ್ ಬಾಹರ್, ಪೊಲೀಸ್ ಕಾಯ್ದೆಯ 87. ಇಂಥ ಕೇಸುಗಳಿಗೆ ದೂರುದಾರ ಪೊಲೀಸನೇ. ಅವನು ಹೋಗಿ ಹಿಡಿದರೆ ಅಪರಾಧ ಉಂಟು, ಹೋಗದಿದ್ದರೆ ಇಲ್ಲ. ಮೇಲಿನಿಂದ ‘ಕೇಸು ಕಡಿಮೆಯಾಗಿದೆ’ ಎಂಬ ಫೋನು ಬಂದ ವಾರ ಜಿಲ್ಲೆಯ ಕುಡುಕರು ದುಪ್ಪಟ್ಟಾಗುವುದು ಹೀಗೆ.

ಇದೇ ಆಟ ದೇಶದ ಮಟ್ಟದಲ್ಲಿ ನಡೆದದ್ದು 2020ರಲ್ಲಿ. ಎಲ್ಲರೂ ಮನೆಯಲ್ಲಿ ಬಾಗಿಲು ಹಾಕಿಕೊಂಡಿದ್ದ ಆ ವರ್ಷ ದೇಶದ ಒಟ್ಟು ಪ್ರಕರಣಗಳು 51.5 ಲಕ್ಷದಿಂದ 66 ಲಕ್ಷಕ್ಕೆ ಜಿಗಿದವು. ಕಳವು, ದರೋಡೆ ಇಳಿದಿದ್ದವು. ಏರಿದವುಗಳಲ್ಲಿ ಎದ್ದು ಕಂಡದ್ದು ಸರ್ಕಾರಿ ಆದೇಶ ಉಲ್ಲಂಘನೆಯ 188ನೇ ಕಲಮಿನ ಪ್ರಕರಣಗಳು: 29 ಸಾವಿರ ಚಿಲ್ಲರೆಯಿಂದ 6.12 ಲಕ್ಷಕ್ಕೆ. 2022ಕ್ಕೆ ಒಟ್ಟು ಲೆಕ್ಕ 58.24 ಲಕ್ಷಕ್ಕೆ ಇಳಿಯಿತು, 2023ರಲ್ಲಿ ಮತ್ತೆ 62.41 ಲಕ್ಷ. ಬ್ಯೂರೊ ತನ್ನ ವರದಿಯಲ್ಲೇ ಅಪರಾಧ ಹೆಚ್ಚುವುದು ಬೇರೆ, ದಾಖಲಾಗುವುದು ಹೆಚ್ಚುವುದು ಬೇರೆ ಎಂದು ಎಚ್ಚರಿಸುತ್ತದೆ. ಓದುವವರು ಮುನ್ನುಡಿ ದಾಟಿಸಿ ಕೋಷ್ಟಕಕ್ಕೆ ಹೋಗುತ್ತಾರೆ.

ಸೈಬರ್ ಅಪರಾಧದಲ್ಲಿ ಕರ್ನಾಟಕ ದೇಶಕ್ಕೇ ಮೊದಲು ಎಂಬ ಸುದ್ದಿಯನ್ನೂ ಹೀಗೇ ಓದಬೇಕು. 2022ರಲ್ಲಿ 12,556 ಇದ್ದದ್ದು 2023ರಲ್ಲಿ 21,889. ವಂಚನೆ ಹೆಚ್ಚಿದೆ, ಅನುಮಾನವಿಲ್ಲ. ಆದರೆ ಪ್ರತಿ ಜಿಲ್ಲೆಗೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಸಿಇಎನ್ ಠಾಣೆ ಕೊಟ್ಟು, 1930 ಸಹಾಯವಾಣಿ ಜನರ ಬಾಯಲ್ಲಿ ಬಂದು, ಬಾಗೇಪಲ್ಲಿಯ ಮೇಷ್ಟರು ಕಳೆದುಕೊಂಡ ದುಡ್ಡಿಗೂ ಎಫ್‌ಐಆರ್ ಆಗುವ ಕಡೆ ಸಂಖ್ಯೆ ಏರುತ್ತದೆ. ‘ಬ್ಯಾಂಕಿಗೆ ಹೋಗಿ ಕೇಳು’ ಎಂದು ಅಟ್ಟುವ ರಾಜ್ಯದಲ್ಲಿ ಏರುವುದಿಲ್ಲ. ಎರಡನ್ನು ಬೇರ್ಪಡಿಸಿ ನೋಡಲು ಒಂದೇ ದಾರಿ, ಠಾಣೆಯನ್ನು ಬಿಟ್ಟು ಮನೆಮನೆಗೆ ಹೋಗಿ ಕೇಳುವುದು. ಇಂಗ್ಲೆಂಡಿನಲ್ಲಿ 1980ರ ದಶಕದಿಂದ ಅಂಥ ಸಮೀಕ್ಷೆಯಿದೆ. ಭಾರತದಲ್ಲಿ ಬೆಂಗಳೂರೂ ಸೇರಿ ನಾಲ್ಕು ಮಹಾನಗರಗಳಲ್ಲಿ ಐಡಿಎಫ್‌ಸಿ ಸಂಸ್ಥೆ 2017ರಲ್ಲಿ ಒಮ್ಮೆ ಮಾಡಿದ್ದು, ಕಳವಿಗೆ ಒಳಗಾದವರಲ್ಲಿ ಎಫ್‌ಐಆರ್‌ವರೆಗೆ ತಲುಪುವವರು ಬಹಳ ಸಣ್ಣ ಪಾಲು ಎಂದು ಅದು ಕಂಡುಕೊಂಡಿತು. ಪೆರೇಸಂದ್ರದ ಸುತ್ತಿನ ತೋಟಗಳಲ್ಲಿ ಬೋರ್‌ವೆಲ್ ಕೇಬಲ್ ಕಳೆದುಕೊಂಡವರನ್ನು ಯಾರೂ ಕೇಳಿಲ್ಲ. ಕೇಬಲ್ಲಿಗಿಂತ ಠಾಣೆಗೆ ಓಡಾಡುವ ಖರ್ಚೇ ಜಾಸ್ತಿ ಎಂದು ಹೊಸ ಕೇಬಲ್ ತಂದವರೇ ಅವರಲ್ಲಿ ಹೆಚ್ಚಿರಬೇಕು.

ಒಂದು ಕೇಸು, ಹದಿಮೂರು ಹೆಣ

2023ರ ಅಕ್ಟೋಬರ್ 26ರ ಬೆಳಗಿನ ಮಂಜಿನಲ್ಲಿ ಚಿಕ್ಕಬಳ್ಳಾಪುರದ ಹೊರವಲಯದ ಹೆದ್ದಾರಿಯಲ್ಲಿ, ಸಂಚಾರ ಠಾಣೆಯ ಕೂಗಳತೆಯಲ್ಲೇ, ನಿಂತಿದ್ದ ಬಲ್ಕರ್ ಲಾರಿಗೆ ಟಾಟಾ ಸುಮೋ ನುಗ್ಗಿತು. ಆಂಧ್ರದ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ 13 ಮಂದಿ ಸತ್ತರು. ಪ್ರಕರಣಗಳ ಕಾಲಮಿನಲ್ಲಿ ಅದು ‘1’. ಮೃತರ ಸಂಖ್ಯೆ ಪಕ್ಕದ ಕಾಲಮಿನಲ್ಲಿರುತ್ತದೆ, ಆದರೆ ತಲೆಬರಹಗಳೂ ಶ್ರೇಯಾಂಕಗಳೂ ತೆಗೆದುಕೊಳ್ಳುವುದು ಮೊದಲ ಕಾಲಮನ್ನು. ಆ ವಾರ 15ಎ ಅಡಿ ಸಿಕ್ಕಿಬಿದ್ದ ಒಂದು ಅಂಗಡಿಯೂ ‘1’.

ಅದಕ್ಕೂ ಮುಂಚೆ, 2021ರ ಫೆಬ್ರವರಿ 22ರ ನಡುರಾತ್ರಿ ಕಳೆದ ಮೇಲೆ, ಪೆರೇಸಂದ್ರದ ಸಮೀಪದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಜನ ಛಿದ್ರವಾದರು. ಕ್ವಾರಿಗೆಂದು ತಂದಿದ್ದ ಸ್ಫೋಟಕವನ್ನು ಕದ್ದುಮುಚ್ಚಿ ವಿಲೇವಾರಿ ಮಾಡುವಾಗ ಆದದ್ದು ಎಂಬುದು ಆಗ ಸಿಕ್ಕ ವಿವರಣೆ. ಶಿವಮೊಗ್ಗದ ಹುಣಸೋಡು ಸ್ಫೋಟವಾಗಿ ತಿಂಗಳಷ್ಟೇ ಆಗಿತ್ತು. ಗುಡಿಬಂಡೆ ಠಾಣೆಯ ಅಧಿಕಾರಿಗಳು ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಕ್ವಾರಿಗಳ ಮೇಲೆ ಹದ್ದಿನ ಕಣ್ಣಿಟ್ಟು ಇಂಥದ್ದೊಂದನ್ನು ತಪ್ಪಿಸಿದ್ದರೆ? ತಪ್ಪಿದ ಸ್ಫೋಟಕ್ಕೆ ಮೊಕದ್ದಮೆ ಸಂಖ್ಯೆ ಬೀಳುವುದಿಲ್ಲ. ಒಳ್ಳೆಯ ಬೀಟ್ ಪೊಲೀಸನ ಕೆಲಸ ಬಹುಪಾಲು ಕಾಣದೇ ಹೋಗುವುದು ಇಲ್ಲೇ. ಅವನ ಯಶಸ್ಸೆಂದರೆ ಏನೂ ಆಗದೇ ಇರುವುದು.

ತನಿಖೆ ಮುಗಿದ ಮೇಲಿನ ಲೆಕ್ಕ ಇನ್ನೂ ಗೋಜಲು. ಆರೋಪಪಟ್ಟಿ ಹಾಕಿದರೆ ಪೊಲೀಸರ ಪಾಲಿಗೆ ಪ್ರಕರಣ ‘ವಿಲೇ’. ಸುಳ್ಳು ಅಥವಾ ತಪ್ಪು ಗ್ರಹಿಕೆ ಎಂದರೆ ಬಿ ರಿಪೋರ್ಟ್, ಆರೋಪಿ ಪತ್ತೆಯಾಗದಿದ್ದರೆ ಸಿ ರಿಪೋರ್ಟ್. ಶಿಕ್ಷೆಯ ಪ್ರಮಾಣ ಎಂದು ವರದಿ ಕೊಡುವ ಅಂಕಿಯಾದರೋ ಆ ವರ್ಷ ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಎಷ್ಟಕ್ಕೆ ಶಿಕ್ಷೆಯಾಯಿತು ಎಂಬುದು. ಆ ಪ್ರಕರಣಗಳು ಹುಟ್ಟಿದ್ದು ಐದು, ಹತ್ತು ವರ್ಷದ ಹಿಂದೆ. ಒಂದೇ ಪುಟದಲ್ಲಿ ಅಕ್ಕಪಕ್ಕ ಕೂತ ಎರಡು ಅಂಕಿಗಳಿಗೆ ಒಂದಕ್ಕೊಂದು ಪರಿಚಯವೇ ಇರುವುದಿಲ್ಲ.

ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯನ್ನು ಈ ಕೋಷ್ಟಕಗಳಲ್ಲಿ ಹುಡುಕಿ ನೋಡಿ. 2000ದ ಮಾರ್ಚ್ 11ರಂದು ಮನೆಗೆ ಬೆಂಕಿ ಹಚ್ಚಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಆ ಸಾವುಗಳಿರುವುದು ಕೋಲಾರ ಜಿಲ್ಲೆಯ ಸಾಲಿನಲ್ಲಿ. ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದೇ 2007ರಲ್ಲಿ. ಹೊಸ ಜಿಲ್ಲೆಯ ಕೋಷ್ಟಕ ಹಿಡಿದವರಿಗೆ ಕಂಬಾಲಪಲ್ಲಿ ಸಿಗುವುದೇ ಇಲ್ಲ. ಆರೋಪಪಟ್ಟಿ ಸಲ್ಲಿಕೆಯಾಯಿತು, ಆ ಕಾಲಮಿನ ಮಟ್ಟಿಗೆ ಪೊಲೀಸರು ಗೆದ್ದರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರ ಡಿಸೆಂಬರಿನಲ್ಲಿ ಸೆಷನ್ಸ್ ಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋಗಿದ್ದಾರೆ, ಸುಟ್ಟವರು ಯಾರೂ ಇಲ್ಲ. ಸಾಕ್ಷಿ ಯಾಕೆ ತಿರುಗಿಬಿದ್ದ, ಅವನ ಮನೆಗೆ ಯಾರು ಹೋಗಿದ್ದರು, ಅವನಿಗೆ ಕೂಲಿ ಕೊಡುವವರು ಯಾರು ಎಂಬುದಕ್ಕೆ ಸರ್ಕಾರದ ಯಾವ ನಮೂನೆಯಲ್ಲೂ ಜಾಗವಿಲ್ಲ.

ಪೊಲೀಸರೇ ಆರೋಪಿ ಸ್ಥಾನದಲ್ಲಿದ್ದಾಗ ಎಣಿಸುವವರು ಯಾರು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಎನ್ನುವವರಿದ್ದಾರೆ, 35 ಎನ್ನುವವರಿದ್ದಾರೆ. ಅಂದಿನ ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ಬಹಳ ಕಡಿಮೆ. ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ವಿಚಾರಣಾ ಸಮಿತಿ ಕೂತ ಮೇಲೂ ಜನ ತಮ್ಮ ಲೆಕ್ಕ ಬಿಡಲಿಲ್ಲ. ಇವತ್ತಿಗೂ ಈ ಅಂತರ ಬೇರೆ ರೂಪದಲ್ಲಿದೆ. 2021ರಲ್ಲಿ ಪೊಲೀಸ್ ವಶದಲ್ಲಿ ಸತ್ತವರು 88 ಎಂದು ಅಪರಾಧ ದಾಖಲೆ ಬ್ಯೂರೊ ಹೇಳಿದರೆ, 2021–22ರಲ್ಲಿ 175 ಎಂಬುದು ರಾಷ್ಟ್ರೀಯ ಮಾನವ ಹಕ್ಕು ಆಯೋಗದ ಲೆಕ್ಕ. ಒಂದು ಕ್ಯಾಲೆಂಡರ್ ವರ್ಷ, ಇನ್ನೊಂದು ಹಣಕಾಸು ವರ್ಷ, ನಿಜ. ಅಷ್ಟರಿಂದಲೇ ಸಂಖ್ಯೆ ಇಮ್ಮಡಿಯಾಗುವುದಿಲ್ಲ. ಕಸ್ಟಡಿ ಸಾವನ್ನು 24 ಗಂಟೆಯೊಳಗೆ ತನಗೆ ತಿಳಿಸಬೇಕೆಂದು ಆಯೋಗ 1993ರಲ್ಲೇ ಹಾಕಿದ ಕಟ್ಟಳೆಯ ಫಲ ಅದು. ಬೇರೆಯವರು ಎಣಿಸಿದಾಗ ಬೇರೆ ಉತ್ತರ ಬಂತು.

ದುಡ್ಡು, ಜನ, ಜೀವ

ಕರ್ನಾಟಕಕ್ಕೆ ಹೆಮ್ಮೆಯ ಅಂಕಿಗಳೂ ಇವೆ. ಟಾಟಾ ಟ್ರಸ್ಟ್ಸ್ ಮೊದಲಿಟ್ಟ ‘ಇಂಡಿಯಾ ಜಸ್ಟಿಸ್ ರಿಪೋರ್ಟ್’ನಲ್ಲಿ 2020ರಲ್ಲಿ 14ನೇ ಸ್ಥಾನದಲ್ಲಿದ್ದ ರಾಜ್ಯ 2022ರ ಆವೃತ್ತಿಯಲ್ಲಿ ಮೊದಲಾಯಿತು, 2025ರಲ್ಲೂ ಆ ಸ್ಥಾನ ಉಳಿಸಿಕೊಂಡಿತು. ಪರಿಶಿಷ್ಟರು ಮತ್ತು ಹಿಂದುಳಿದ ವರ್ಗಗಳಿಗೆ ಮೀಸಲಿಟ್ಟ ಪೊಲೀಸ್ ಹುದ್ದೆಗಳನ್ನು ಅಧಿಕಾರಿ ಮಟ್ಟದಲ್ಲೂ ಕಾನ್‌ಸ್ಟೆಬಲ್ ಮಟ್ಟದಲ್ಲೂ ತುಂಬಿದ ರಾಜ್ಯ ಇದೆಂದು ಆ ವರದಿ ಎತ್ತಿ ಹೇಳಿದೆ. ಕಂಬಾಲಪಲ್ಲಿಯ ಜಿಲ್ಲೆಯಲ್ಲಿ ಕೂತು ಓದುವಾಗ ಇದು ಸಣ್ಣ ಮಾತಲ್ಲ. ಆದರೆ ಆ ಶ್ರೇಯಾಂಕ ಪೊಲೀಸ್, ಜೈಲು, ನ್ಯಾಯಾಂಗ, ಕಾನೂನು ನೆರವು ನಾಲ್ಕನ್ನೂ ಕಲಸಿದ್ದು. ಪೊಲೀಸ್ ವಿಭಾಗವನ್ನಷ್ಟೇ ತೆಗೆದುಕೊಂಡರೆ 2025ರಲ್ಲಿ ಮೊದಲು ಬಂದದ್ದು ತೆಲಂಗಾಣ.

ಖರ್ಚಿನ ಬಗ್ಗೆ ಹೇಳಬೇಕಾದ್ದು ಕಡಿಮೆ. ಪೊಲೀಸ್ ಬಜೆಟ್ಟಿನ ಸಿಂಹಪಾಲು ಸಂಬಳಕ್ಕೇ ಹೋಗುತ್ತದೆ. ತರಬೇತಿಗೆ ದೇಶದಲ್ಲಿ ಸಿಗುವುದು ಸುಮಾರು 1.25 ಶೇಕಡ. 2021–22ರಿಂದ 2025–26ರವರೆಗಿನ ಪೊಲೀಸ್ ಆಧುನೀಕರಣಕ್ಕೆ ಕೇಂದ್ರ 26,275 ಕೋಟಿ ರೂಪಾಯಿ ಘೋಷಿಸಿತು. ಅದರಲ್ಲಿ ರಾಜ್ಯಗಳ ಪೊಲೀಸ್ ಪಡೆಗಳ ಆಧುನೀಕರಣಕ್ಕೆಂದು ಇದ್ದದ್ದು 4,846 ಕೋಟಿ, ಉಳಿದದ್ದರಲ್ಲಿ ದೊಡ್ಡ ಪಾಲು ಕಾಶ್ಮೀರ, ಈಶಾನ್ಯ, ನಕ್ಸಲ್ ಪ್ರದೇಶಗಳಿಗೆ. ದೂರು ಕೊಡಲು ಬಂದವನೇ ಅಂಗಡಿಗೆ ಹೋಗಿ ಬಿಳಿ ಹಾಳೆ ತರುವ ಠಾಣೆಗೆ ಈ ಕೋಟಿಗಳು ಇಳಿದು ಬರುವಷ್ಟರಲ್ಲಿ ಸೋಸಿ ಹೋಗಿರುತ್ತವೆ.

ಸಿಬ್ಬಂದಿಯ ಅಂಕಿ ಇನ್ನೂ ನುಣುಚಿಕೊಳ್ಳುವಂಥದು. ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊ ಜನವರಿ 1ಕ್ಕೆ ಇದ್ದಂತೆ ತಲೆ ಎಣಿಸುತ್ತದೆ. 2022ರ ಲೆಕ್ಕದಲ್ಲಿ ದೇಶದಲ್ಲಿ ಲಕ್ಷ ಜನರಿಗೆ ಮಂಜೂರಾದವರು ಸುಮಾರು 196, ಇದ್ದವರು ಸುಮಾರು 153. ಈ 153ರಲ್ಲಿ ಸಶಸ್ತ್ರ ಪಡೆಯವರೂ ಸೇರಿದ್ದಾರೆ. ಠಾಣೆಗೆ ಉಳಿದವರಲ್ಲಿ ಒಬ್ಬ ಕೋರ್ಟ್ ಡ್ಯೂಟಿ, ಒಬ್ಬ ಸೆಂಟ್ರಿ, ಇನ್ನೊಬ್ಬ ಅನ್ಯಕರ್ತವ್ಯದ (ಒಒಡಿ) ಮೇಲೆ ಬೇರೆಡೆ, ಮತ್ತೊಬ್ಬ ಸಮನ್ಸ್ ಹಿಡಿದು ಹಿಂದೂಪುರಕ್ಕೆ. ಶನಿವಾರ ಬಂತೆಂದರೆ ನಂದಿ ಬೆಟ್ಟದ ಬಂದೋಬಸ್ತು. 2023ರ ಜನವರಿಯಿಂದ ಆವಲಗುರ್ಕಿಯ ಆದಿಯೋಗಿ ಪ್ರತಿಮೆಯ ಮುಂದೆ ಸೇರುವ ಬೆಂಗಳೂರಿನ ಕಾರುಗಳದ್ದು ಬೇರೆ. ಪಟ್ಟಿಯಲ್ಲಿ ಎಲ್ಲರೂ ಹಾಜರು, ರಾತ್ರಿ ಗಸ್ತಿಗೆ ಹೊರಡುವವರು ಇಬ್ಬರು.

ಈ ದಣಿವಿಗೆ ಅಂಕಿ ಸಿಕ್ಕಿದ್ದು ತಡವಾಗಿ. ಅದೇ ಬ್ಯೂರೊಗಾಗಿ ಹೈದರಾಬಾದಿನ ಆಡಳಿತ ಸಿಬ್ಬಂದಿ ಕಾಲೇಜು 2014ರಲ್ಲಿ ಮಾಡಿದ ಅಧ್ಯಯನದಲ್ಲಿ ಠಾಣೆಯ ಸಿಬ್ಬಂದಿಯಲ್ಲಿ 90 ಶೇಕಡದಷ್ಟು ಜನ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಯುತ್ತಾರೆ, 73 ಶೇಕಡಕ್ಕೂ ಹೆಚ್ಚು ಜನರಿಗೆ ತಿಂಗಳಿಗೊಂದು ವಾರದ ರಜೆಯೂ ಇಲ್ಲ ಎಂದು ಗೊತ್ತಾಯಿತು. ಕಾಮನ್ ಕಾಸ್ ಮತ್ತು ಲೋಕನೀತಿಯ 2019ರ ಸಮೀಕ್ಷೆ ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ ಎಂದಿತು. ಅದಕ್ಕೆ ಮೊದಲೇ, 2016ರ ಜೂನ್ 4ಕ್ಕೆ ಸಾಮೂಹಿಕ ರಜೆ ಹಾಕುತ್ತೇವೆಂದು ಕರ್ನಾಟಕದ ಕಾನ್‌ಸ್ಟೆಬಲ್‌ಗಳು ಹೊರಟಿದ್ದರು. ಮುಂದಾಳುವಿನ ಬಂಧನವಾಯಿತು, ಎಸ್ಮಾದ ಬೆದರಿಕೆ ಬಂತು, ರಜೆ ಆಗಲಿಲ್ಲ. ಆದರೆ ಪೊಲೀಸರ ಸಂಬಳದ ಕುರಿತ ರಾಘವೇಂದ್ರ ಔರಾದ್ಕರ್ ವರದಿ ಬಂದು, 2019ರ ಆಗಸ್ಟ್‌ನಿಂದ ಸಂಬಳ ಸ್ವಲ್ಪ ಏರಿತು.

ಪೊಲೀಸರ ಜೀವದ ಲೆಕ್ಕವನ್ನು ದೇಶ ಗಂಭೀರವಾಗಿ ಇಡುತ್ತದೆ. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಹತ್ತು ಪೊಲೀಸರು ಬಲಿಯಾದ ನೆನಪಿಗೆ ಪ್ರತಿ ವರ್ಷ ಆ ದಿನ ಜಿಲ್ಲಾ ಕವಾಯತು ಮೈದಾನದಲ್ಲಿ ಹುತಾತ್ಮರ ಹೆಸರು ಓದುತ್ತಾರೆ. 2018ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ ಉದ್ಘಾಟನೆಯಾದಾಗ ಗೋಡೆಯ ಮೇಲಿದ್ದ ಹೆಸರುಗಳು 34,844. ನಮ್ಮ ನೆರೆಹೊರೆಯವರೂ ಈ ಲೆಕ್ಕದಲ್ಲಿದ್ದಾರೆ. 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ತುಕಡಿ ನಕ್ಸಲರ ದಾಳಿಗೆ ಸಿಕ್ಕಿತು. 2015ರ ಅಕ್ಟೋಬರ್ 16ರಂದು ದೊಡ್ಡಬಳ್ಳಾಪುರದ ಪಿಎಸ್‌ಐ ಜಗದೀಶ್ ಬೈಕ್ ಕಳ್ಳರನ್ನು ಬೆನ್ನಟ್ಟಿ ನೆಲಮಂಗಲದಲ್ಲಿ ಚಾಕು ಇರಿತಕ್ಕೆ ಬಲಿಯಾದರು. ಜನ ನೆನಪಿಡುವುದು ಇಂಥವರನ್ನು, ಇಡಬೇಕಾದ್ದೇ. ಕೋಷ್ಟಕ ತೆರೆದರೆ ಬೇರೆಯದೇ ಕಾಣುತ್ತದೆ. ಕರ್ತವ್ಯದಲ್ಲಿ ಸತ್ತವರನ್ನು ಉಗ್ರರಿಂದ, ದಂಗೆಕೋರರಿಂದ, ಇತರ ಅಪರಾಧಿಗಳಿಂದ, ಅಪಘಾತದಿಂದ ಎಂದು ವಿಂಗಡಿಸುವ ಆ ಪಟ್ಟಿಯಲ್ಲಿ ಅಪಘಾತದ ಸಾಲೇ ಎಲ್ಲಕ್ಕಿಂತ ದೊಡ್ಡದು. ಪೊಲೀಸನನ್ನು ಹೆಚ್ಚಾಗಿ ಕೊಲ್ಲುವುದು ಚಾಕುವಲ್ಲ, ರಸ್ತೆ. ಹೆದ್ದಾರಿ 44ರಲ್ಲಿ ರಾತ್ರಿ ಬ್ಯಾರಿಕೇಡ್ ಎಳೆದು ಲಾರಿ ನಿಲ್ಲಿಸುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವನಿಗೆ ಬೇಕಾದ್ದು ಹೊಳೆಯುವ ಜಾಕೆಟ್ಟು ಮತ್ತು ನಿದ್ದೆ. ಹಬ್ಬದ ಬಂದೋಬಸ್ತು ಮುಗಿಸಿ ಮನೆಗೆ ಹೋಗಿ ಎದೆ ಹಿಡಿದುಕೊಂಡು ಬಿದ್ದ ಎಎಸ್‌ಐ ಈ ಯಾವ ಸಾಲಿಗೂ ಸೇರುವುದಿಲ್ಲ.

ಇಷ್ಟೆಲ್ಲದರ ಕೆಳಗೆ ಇನ್ನೊಂದು ಸಂಗತಿ ಅಡಗಿದೆ. ಲಕ್ಷಕ್ಕೆ ಇಷ್ಟು ಅಪರಾಧ, ಲಕ್ಷಕ್ಕೆ ಇಷ್ಟು ಪೊಲೀಸರು ಎನ್ನುವಾಗ ಆ ಲಕ್ಷ ಎಲ್ಲಿಂದ ಬಂತು? 2021ರ ಜನಗಣತಿ ನಡೆಯಲೇ ಇಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಕೊನೆಯ ನಿಜವಾದ ತಲೆಯೆಣಿಕೆ 2011ರದು, 12,55,104. ಆಮೇಲಿನದೆಲ್ಲ ಅದರ ಮೇಲೆ ಕಟ್ಟಿದ ಅಂದಾಜು. ಆ ಎಣಿಕೆಯಾದಾಗ ಬೆಂಗಳೂರು ಇಷ್ಟು ಹತ್ತಿರಕ್ಕೆ ಬಂದಿರಲಿಲ್ಲ, ಆದಿಯೋಗಿ ಇರಲಿಲ್ಲ, ಫೋನಿನಲ್ಲಿ ದುಡ್ಡು ಕಳಿಸುವುದೂ ಅದರಲ್ಲಿ ಮೋಸ ಹೋಗುವುದೂ ಊರಿಗೆ ಬಂದಿರಲಿಲ್ಲ. ಮುಂದಿನ ಗಣತಿಯ ಗಣನೆಯ ದಿನ 2027ರ ಮಾರ್ಚ್ 1. ಅದರ ಅಂಕಿ ಬಂದ ವರ್ಷ ಎಲ್ಲ ರಾಜ್ಯಗಳ ಅಪರಾಧ ದರವೂ, ಪೊಲೀಸ್ ಪ್ರಮಾಣವೂ ಒಮ್ಮೆಗೇ ಕದಲುತ್ತವೆ. ಎಲ್ಲೋ ಅಪರಾಧ ಇಳಿದಂತೆಯೂ ಎಲ್ಲೋ ಏರಿದಂತೆಯೂ ಕಾಣುತ್ತದೆ. ಅದಕ್ಕಾಗಿ ಯಾರೂ ಒಂದು ಕಳವನ್ನು ಹೆಚ್ಚು ಮಾಡಬೇಕಾಗಿಯೂ ಇಲ್ಲ, ಬಿಡಬೇಕಾಗಿಯೂ ಇಲ್ಲ.